ನಿಲ್ಲಲಿ

ಚೋರುಮ್ ಊರಿನಲ್ಲಿ ಕಡಲೆಗೆ ಬರವಿಲ್ಲ.
ನಲವತ್ತು ವರುಷ ಹುರಿದವನು ದುರ್ಸುನ್.
ಹಲ್ಲು ಮಾತ್ರ ಒಂದೊಂದೇ ಓಲಾಡುತ್ತಿವೆ
ಸಡಿಲ ನೆಲದ ಗೂಟಗಳ ಹಾಗೆ.

ಅಂಕಾರಾದ ಆಸ್ಪತ್ರೆ. ಡಾಕ್ಟರ್ ನೆವಿನ್
ಸಿರಿಂಜನ್ನು ಬೆಳಕಿಗೆ ಹಿಡಿದಳು:
ಗಂಜಿಯ ತಿಳಿಯಂಥ ಜೆಲ್.
"ಒಳಗಿರುವುದು ಎಕ್ಸೋಸೋಮ್. ಯಾರೋ ಹುಡುಗಿ
ಕೀಳಿಸಿಕೊಂಡ ಬುದ್ಧಿಹಲ್ಲಿನ ತಿರುಳಿನಿಂದ
ಜೀವಕೋಶ ಕಟ್ಟಿ ಕಳಿಸಿದ ಬುತ್ತಿ.
ಕೋಶ ಬರುವುದಿಲ್ಲ, ಗಂಟಷ್ಟೇ.
ಬಿಚ್ಚಿ ಉಂಡು ನಿಮ್ಮ ಮೂಳೆಯೇ
ಎದ್ದು ಕೆಲಸಕ್ಕೆ ಹೋಗಬೇಕು.
ಒಂದು ದವಡೆಗೆ ಬುತ್ತಿ, ಇನ್ನೊಂದಕ್ಕೆ ಬರೀ ಜೆಲ್.
ಯಾವುದೆಲ್ಲಿ, ನನಗೂ ಗೊತ್ತಿಲ್ಲ."

"ಎಷ್ಟು ದಿನ?"
"ಆರು ತಿಂಗಳು."
ತಲೆಯಾಡಿಸಿದ. ಹುರಿದದ್ದನ್ನು
ಗೋಣಿಯಲ್ಲಿ ಮಲಗಿಸಿ, ಮತ್ತೆ ಹುರಿದು, ಮತ್ತೆ ಮಲಗಿಸಿದವನಿಗೆ
ಕಾಯುವುದನ್ನು ಕಲಿಸಬೇಕಿಲ್ಲ.
ಅವಸರಕ್ಕೆ ಸಿಪ್ಪೆ ಬಿಡುವುದಿಲ್ಲ.

ಹಿಮ ಬಿದ್ದು ಕರಗಿತು. ಎಕ್ಸ್-ರೇಯಲ್ಲಿ
ಬಲಗಡೆ, ಕಪ್ಪಿನ ಅಂಚಿಗೆ,
ಬೂದಿ ಉದುರಿಸಿದಷ್ಟು ಬಿಳುಪು.
ನೆವಿನ್ ಅಳೆದಳು: ಎರಡು ಮಿಲಿಮೀಟರ್, ಚೂರು ಹೆಚ್ಚು.
ಎಡಗಡೆ ಮೊದಲಿನದೇ ಕತ್ತಲೆ.
ಲಕೋಟೆ ಒಡೆಯಲು ಇನ್ನೂ ಹನ್ನೊಂದು ರೋಗಿಗಳು ಬಾಕಿ.
ಅವಳು ಏನೂ ಹೇಳಲಿಲ್ಲ,
ಮತ್ತೊಮ್ಮೆ ಅಳೆದಳು.

ತನಗಿಂತ ಮುಂಚೆ ಹುಟ್ಟಿದ ಎರಡು ಕೂಸು ನಿಲ್ಲಲಿಲ್ಲವೆಂದು
ತಾಯಿ ಇಟ್ಟ ಹೆಸರು ದುರ್ಸುನ್,
ಅಂದರೆ, ನಿಲ್ಲಲಿ.

ಊರಿನ ಬಸ್ಸಿನಲ್ಲಿ ಜೇಬಿನಿಂದ
ಒಂದು ಕಡಲೆ ತೆಗೆದ. ಕಡಿಯಲಿಲ್ಲ.
ಬಲದವಡೆಯ ಹಲ್ಲಿನ ಮೇಲಿಟ್ಟು
ಉಪ್ಪು ಕರಗುವ ತನಕ
ತನ್ನ ಹೆಸರನ್ನೇ ಆ ಹಲ್ಲಿಗೆ
ಹೇಳುತ್ತ ಕೂತ.