ಹನ್ನೊಂದು ನಿಮಿಷ ಮುಂದೆ

ನನ್ನ ಕೆಲಸ ನೆನಪಿಟ್ಟುಕೊಳ್ಳುವುದು.
ಹೋದ ಶಾಟಿನಲ್ಲಿ ಇಮೋಜೆನ್ ಗ್ಲಾಸು ಹಿಡಿದದ್ದು ಯಾವ ಕೈಯಲ್ಲಿ,
ವೈನು ಎಷ್ಟು ಬೆರಳು ಇಳಿದಿತ್ತು,
ತಂದೆಯ ಕೆನ್ನೆಗೆ ಬೀಳಬೇಕಿದ್ದ ಮಗನ ಕೈ
ಗಾಳಿಯಲ್ಲಿ ಎಲ್ಲಿಗೆ ಬಂದು ನಿಂತಿತ್ತು,
ತೋಳಿನ ಗುಂಡಿ ಹಾಕಿತ್ತೋ ಬಿಚ್ಚಿತ್ತೋ.
ಕಂಟಿನ್ಯುಟಿ ಅನ್ನುತ್ತಾರೆ. ಕನ್ನಡದಲ್ಲಿ
ಒಂದು ಪದ ಹುಡುಕಿ ಸೋತಿದ್ದೇನೆ.
ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದ್ದು:
ಲೆಕ್ಕ ಬರೆಯುತ್ತೇನೆ, ಬೇರೆಯವರ ಮನೆಯದು.

ಅಡಿಲೇಡಿನ ಮೇಲಿನ ಗುಡ್ಡದಲ್ಲಿ, ಸ್ಟರ್ಲಿಂಗಿನಲ್ಲಿ,
ಬಾಡಿಗೆಗೆ ಹಿಡಿದ ಬಂಗಲೆ.
ತಾಮ್ರದ ಗಣಿಯ ದುಡ್ಡಿನ ಟ್ರೆಗಿಯರ್ ಸಂಸಾರ
ಭಾನುವಾರ ರಾತ್ರಿ ಎಂಟೂವರೆಗೆ
ಇಲ್ಲಿ ಕಿತ್ತಾಡುತ್ತದೆ.
ಮನೆಯೊಂದು ಮೂರು ಬಾಗಿಲು ಅಂತಾರಲ್ಲ,
ನಾನು ಎಣಿಸಿದ್ದೇನೆ: ಹದಿನಾಲ್ಕು.
ಯಾವ ಕಂತಿನಲ್ಲಿ ಯಾರು ಯಾವುದನ್ನು
ಎಷ್ಟು ಜೋರಾಗಿ ಬಡಿದರೆಂದೂ ಬರೆದಿದ್ದೇನೆ.

ಮೊದಲ ವರ್ಷ ಚೆನ್ನಾಗಿತ್ತು.
ವಿಷ ಸಣ್ಣ ಚಮಚದಲ್ಲಿ ಬರುತ್ತಿತ್ತು.
ಡಾರ್ಥಿಯಾ ಉಪ್ಪು ದಾಟಿಸುವ ರೀತಿಯಲ್ಲೇ
ಸೊಸೆಗೆ ತನ್ನ ಜಾಗ ಗೊತ್ತಾಗುತ್ತಿತ್ತು.
ನಾಲ್ಕನೆಯ ವರ್ಷಕ್ಕೆ ಬರೆಯುವವರು ಬದಲಾದರು.
ಸತ್ತ ಅಳಿಯ ಟಾಸ್ಮೇನಿಯಾದಿಂದ ಎದ್ದು ಬಂದ.
ಇನ್ನು ಕುಡಿಯೆನೆಂದು ಅಣ್ಣನ ಹೆಣದೆದುರು ಆಣೆಯಿಟ್ಟ ಲೈಲ್
ಮೂರನೆಯ ಕಂತಿಗೇ ಕುಡಿದು ಕಾರನ್ನು ಕೊಳಕ್ಕಿಳಿಸಿದ.
ಪುಸ್ತಕ ತೆರೆದು ಪುಟ ತೋರಿಸಿದೆ: ಆಣೆ ಇಟ್ಟಿದ್ದಾನೆ.
ಯಾರಿಗೆ ನೆನಪಿರುತ್ತೆ ಬಿಡಿ, ಅಂದರು.

ಮನೆಯ ನಿಜವಾದ ಒಡತಿ ವೆರಿಟಿ ಪ್ರಿಡೋ, ಐವತ್ತೆರಡು,
ಹಿಂದಿನ ಕುದುರೆಲಾಯದಲ್ಲಿರುತ್ತಾಳೆ.
ಎರಡು ಕೋಣೆ, ಒಂದು ಹೀಟರು.
ನಮ್ಮ ಬಾಡಿಗೆಯಲ್ಲಿ ಅರ್ಧ ಸೋರುವ ಮಾಡಿಗೆ,
ಅರ್ಧ ವಕೀಲರಿಗೆ. ತಮ್ಮಂದಿರ ಮೇಲೆ ಕೇಸು,
ಶುರುವಾಗಿ ಹತ್ತು ವರ್ಷ.
ಪ್ರತಿ ಸಲ ನಾವು ಮರಳಿದಾಗ ಏನೋ ಒಂದು ಇಲ್ಲ.
ಮೆಟ್ಟಿಲ ಬಳಿ ಕುರಿಮಂದೆಯ ಚಿತ್ರವಿದ್ದಲ್ಲಿ
ಬಿಸಿಲು ಮುಟ್ಟದ ಗೋಡೆಯ ಚೌಕ.
ಬೆಳ್ಳಿ ಚಮಚ ಇಪ್ಪತ್ನಾಲ್ಕಿತ್ತು, ಆಮೇಲೆ ಹತ್ತೊಂಬತ್ತು.
ನಾನು ಬರೆದುಕೊಡುತ್ತೇನೆ,
ಕಲಾ ವಿಭಾಗದವರು ನಕಲಿ ತಂದು ತುಂಬುತ್ತಾರೆ,
ತೆರೆಯ ಮೇಲೆ ಸಿರಿವಂತಿಕೆ ಕದಲುವುದಿಲ್ಲ.
ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಆ ಮನೆಯಲ್ಲಿ ದಾರಿ ತಪ್ಪದೆ ನಡೆದ ಕಥೆ
ಅದೊಂದೇ.

ಈ ಸಲ ಹಜಾರದ ನಿಲುಗಡಿಯಾರ.
ಮೆಲ್ಬರ್ನಿನಿಂದ ಲಾರಿಯಲ್ಲಿ ಇನ್ನೊಂದು ಬಂತು:
ಅದೇ ಎತ್ತರ, ಅದೇ ಹಿತ್ತಾಳೆಯ ಮುಖ, ಒಳಗೆ ಬ್ಯಾಟರಿ.
ಉಯಿಲು ಓದುವ ದೃಶ್ಯ. ಲೈಟು ಹೊಂದಿಸುವ ಬಿಡುವಿನಲ್ಲಿ
ವೆರಿಟಿ ಮನೆಚಪ್ಪಲಿಯಲ್ಲೇ ಬಂದಳು, ಕೈಯಲ್ಲಿ ಟೋಸ್ಟು.
ಮದುವೆಮನೆಯಲ್ಲಿ ಯಾರೋ ನಕ್ಕರೆ
ಯಾರಿರಬಹುದೆಂದು ನೋಡುತ್ತೇವಲ್ಲ, ಹಾಗೆ ನಿಂತಳು.

"ಸರಿಯಾದ ಟೈಮು ತೋರಿಸ್ತಿದೆ," ಅಂದಳು.
"ನಮ್ಮದು ಹನ್ನೊಂದು ನಿಮಿಷ ಮುಂದಿತ್ತು.
ಅಪ್ಪ ತಿದ್ದಲು ಬಿಡುತ್ತಿರಲಿಲ್ಲ.
ಎಷ್ಟು ಓಡಿ ಬಂದರೂ ನಾವು
ಊಟಕ್ಕೆ ತಡ."

ಟೋಸ್ಟು ಮುಗಿಸಿ ಹೋದಳು. ಪುಡಿ ಜಮಖಾನದ ಮೇಲೆ;
ಗುಡಿಸಿದೆ, ಹಿಂದಿನ ಶಾಟಿನಲ್ಲಿ ಇರಲಿಲ್ಲ.
ಪುಸ್ತಕ ತಿರುವಿದೆ. ಮೊದಲ ವರ್ಷದ ಫೋಟೊ:
ಲೈಲನ ಕೈಗಡಿಯಾರ ಏಳು ನಲವತ್ತೊಂಬತ್ತು,
ಅವನ ಬೆನ್ನ ಹಿಂದೆ ಸರಿಯಾಗಿ ಎಂಟು.
ಪಕ್ಕದಲ್ಲಿ ಕೆಂಪು ಶಾಯಿ, ನನ್ನದೇ ಅಕ್ಷರ:
ತಪ್ಪು. ಸರಿಪಡಿಸಿ.

ರೆಡಿ, ಅಂದರು ಆಚೆಯಿಂದ.
ಗಾಜಿನ ಬಾಗಿಲು ತೆರೆದು
ಮುಳ್ಳನ್ನು ಬೆರಳಿಂದ ಮುಂದೆ ನೂಕಿದೆ.
ಟ್ರೆಗಿಯರ್ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದರು,
ಎಲ್ಲರೂ ತಡವಾಗಿ,
ಒಬ್ಬರಿಗೂ ಗೊತ್ತಿಲ್ಲದೆ.