ಅಯಸ್ಕಾಂತ

ಉಪ್ಪಳದ ರೈಲ್ವೆ ಗೇಟಿನಾಚೆ, ಐಸ್ ಪ್ಲಾಂಟಿನ ಹಿಂದೆ,
ಟಾರ್ಪಾಲು ಎಳೆದ ಕೂಡಲೇ ಕೆಂಪು.
ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗಿಸಿ
ಮಲಗಿದ ಹಾಗೆ.
"ಮೂರೂವರೆ ಲಕ್ಷ, ಆಚಾರ್ರೇ. ನಿಮಗೆ ಮೂರು ಹತ್ತು,"
ಅಂದ ಕುಂಞಾಮು. ಭಾವನದ್ದಂತೆ. ಭಾವ ಶಾರ್ಜಾದಲ್ಲಿ.

ಇಪ್ಪತ್ತೆರಡು ವರ್ಷ ಸೊಸೈಟಿ ಬ್ಯಾಂಕಿನಲ್ಲಿ
ಅಡವಿಡಲು ತಂದ ಬಳೆ, ಸರ ಒರೆಗೆ ಹಚ್ಚಿದವನು ನಾನು.
ಅಯಸ್ಕಾಂತಕ್ಕೆ ಅಂಟಿದರೆ ಸುಳ್ಳು, ವಾಪಸ್ಸು, ಮುಂದಿನವರು ಬನ್ನಿ.
ಇಲ್ಲಿ ಲೆಕ್ಕ ಉಲ್ಟಾ:
ಅಂಟದಿದ್ದರೆ ಸುಳ್ಳು.
ಎಡಗಡೆ ಮಡ್‌ಗಾರ್ಡಿನಿಂದ ಬಾಗಿಲ ತನಕ
ಜಾರಿತು, ಜಾರಿತು. ಬರೀ ಪುಟ್ಟಿ.

ಕಡಲ ಉಪ್ಪು ಅಡಿಯಿಂದ ತಿಂದಿದೆ.
ಕಾರ್ಪೆಟ್ ಎತ್ತಿದರೆ ಹೊಯಿಗೆ ಕಾಣುತ್ತದೆ.
ಟೈಮಿಂಗ್ ಬೆಲ್ಟು ಬದಲಿಸಿದ್ದು ಯಾವಾಗ?
ಕುಂಞಾಮು ಆಕಾಶ ನೋಡಿದ.
ಬಿಡಿಭಾಗ ಮಂಗಳೂರಲ್ಲಿಲ್ಲ, ಕಣ್ಣೂರಲ್ಲೂ ಇಲ್ಲ;
ನಮ್ಮ ಓಣಿಯ ಹಂಪಿಗೆ ಹೊಟ್ಟೆ ಕೆರೆಯುವುದು ಖಂಡಿತ.
ಹಿಂದೆ ಸೀಟೇ ಇಲ್ಲ, ಅತ್ತೆಯನ್ನು ಕೂರಿಸುವುದೆಲ್ಲಿ ಎಂದು
ಕಮಲಾಕ್ಷಿ ಕೇಳಿಯೇ ಕೇಳುತ್ತಾಳೆ.
ಉತ್ತರ ಹೊಳೆದು ನಾನೊಬ್ಬನೇ ನಕ್ಕೆ.

ಆದರೂ ಒಮ್ಮೆ ಕೂತೆ, ಕಾಲು ಉದ್ದಕ್ಕೆ ಚಾಚಿ.
ಕೀ ತಿರುಗಿಸಿದೆ. ಕೆಮ್ಮಿತು. ಮತ್ತೆ ಕೆಮ್ಮಿತು.
ಮೂರನೆಯ ಸಲಕ್ಕೆ
ಐಸ್ ಪ್ಲಾಂಟಿನ ತಗಡೆಲ್ಲ ಅದುರಿದವು,
ಐವತ್ತೊಂದು ವರ್ಷದ ಈ ಪಕ್ಕೆಲುಬುಗಳೂ.

"ಯೋಚಿಸಿ ಹೇಳ್ತೇನೆ," ಅಂದೆ.
ನನ್ನ ಕೌಂಟರಿನೆದುರು ನಿಂತವರು ಹೇಳುವುದೂ ಇದನ್ನೇ.

ರಾತ್ರಿ ಊಟಕ್ಕೆ ಕೂತಾಗ ಜೇಬು ತಡವಿದರೆ ಖಾಲಿ.
ಅಯಸ್ಕಾಂತ ಅಲ್ಲೇ ಉಳಿದಿದೆ,
ಬಾನೆಟ್ಟಿನ ಮೇಲೆ,
ಹಿಡಿದುಕೊಂಡ ಕಡೆ.