ಲಾಭ, ಎರಡು, ಮೂರು

ನಮ್ಮ ಮಂಡಿಪೇಟೆಯಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ.
ಮೊದಲ ಕೊಳಗಕ್ಕೆ ಲಾಭ ಅನ್ನಬೇಕು,
ಆಮೇಲೆ ಎರಡು, ಮೂರು.
ಏಳು ಅಂದರೆ ಲಕ್ಷ್ಮಿ ಎದ್ದು ಹೋದಾಳು,
ಅದಕ್ಕೇ ಆರರ ಮುಂದೆ ಮತ್ತೊಂದು.
ಇದನ್ನು ನನಗೆ ಕಲಿಸಿದವರು ಮುಪ್ಪಣ್ಣನವರು.
ಆಗಿನ್ನೂ ಸಾವ್ಕಾರರಲ್ಲ;
ಒಂದು ತಕ್ಕಡಿ, ಒಂದು ಗೋಣಿತಾಟು,
ಯಾರದೋ ಅಂಗಡಿಯ ಕಟ್ಟೆ.

ತೂಕದ ಕಲ್ಲು ಎರಡು ಜೊತೆ ಇದ್ದವು,
ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು,
ನೋಡಲು ಅವಳಿಜವಳಿ.
ಕೊಳ್ಳುವ ಕಲ್ಲಿನ ಹೊಟ್ಟೆಯಲ್ಲಿ ಸೀಸ.
ಜಗಳೂರು ಕಡೆಯ ಗಾಡಿ ಬಂದು ಶೇಂಗಾ ಇಳಿದರೆ
ಇಡೀ ಓಣಿಗೆ ಕೇಳುವಂತೆ ಅನ್ನುವರು:
‘ದುಗ್ಗಾ, ಸರಿಯಾಗಿ ತೂಗೋ,
ಪಾಪ, ದೂರದಿಂದ ಬಂದವರು.’
ಅಷ್ಟೇ ಸಾಕು,
ನನ್ನ ಕೈ ಸೀಸದ ಕಲ್ಲಿಗೆ ಹೋಗುತ್ತಿತ್ತು.

ಎಣ್ಣೆಗಿರಣಿ ಬಂತು. ಹತ್ತಿಯ ಜಿನ್ನು ಬಂತು.
ಹೆಂಡತಿಯ ಪಾಟಲಿ ಹೋಗಿ ಲಾರಿ ಬಂತು,
ಲಾರಿ ಎರಡಾದ ಮೇಲೆ ಪಾಟಲಿಯೂ ಬಂತು.
ದೊಡ್ಡ ಮಿಲ್ಲು ಬಾಗಿಲು ಹಾಕಿದ ವರ್ಷ
ನಲವತ್ತು ಮಂದಿಯನ್ನು ಕರೆದು ಕೆಲಸ ಕೊಟ್ಟರು, ಅರ್ಧ ಕೂಲಿಗೆ.
ಅರ್ಧವನ್ನಾದರೂ ಕೊಟ್ಟವರು ಊರಿನಲ್ಲಿ ಅವರೊಬ್ಬರೇ.
ಹಾಗಾಗಿ ಏನು ಅನ್ನಬೇಕೋ ಇವತ್ತಿಗೂ ತಿಳಿಯದು.
ಆ ನಲವತ್ತು ಮಂದಿಯೇ ಮೊದಲ ಚುನಾವಣೆಯಲ್ಲಿ
ಗೋಡೆಗೆ ಸುಣ್ಣ ಬಳಿದು ಅವರ ಹೆಸರು ಬರೆದರು.

ವಾರ್ಡು, ನಗರಸಭೆ, ಆಮೇಲೆ ಒಂದೇ ಜಿಗಿತಕ್ಕೆ ದೆಹಲಿ.
ಭಾಷಣದಲ್ಲಿ ಬಲಗೈ ಎತ್ತಿ ತೋರಿಸುವರು:
‘ಇದು ತಕ್ಕಡಿ ಹಿಡಿದ ಕೈ!’
ಚಪ್ಪಾಳೆ.
ಹಿಡಿದದ್ದು ನಾನು.
ಹಿಂದಿಯನ್ನು ಹತ್ತಿ ಕೊಳ್ಳಲು ಬರುತ್ತಿದ್ದ ಸೇಟುಗಳಿಂದ ಕಲಿತಿದ್ದರು,
ಬರೀ ದರ ಕುದುರಿಸುವ ಹಿಂದಿ.
ಅಲ್ಲಿ ಅಷ್ಟೇ ಬೇಕಾಗಿತ್ತಂತೆ.
ಸರ್ಕಾರ ಅಲ್ಲಾಡಿದ ಒಂದು ರಾತ್ರಿ
ಯಾವುದೋ ಬಂಗಲೆಯ ನಡುಮನೆಯಲ್ಲಿ
ಕೂತಿದ್ದ ಸದಸ್ಯರ ತಲೆಗಳನ್ನು ಬೆರಳಲ್ಲಿ ಎಣಿಸಿದರಂತೆ:
ಲಾಭ, ಎರಡು, ಮೂರು...
ಯಾರಿಗೂ ಅರ್ಥವಾಗಲಿಲ್ಲ. ಸರ್ಕಾರ ಉಳಿಯಿತು.

ಮಂತ್ರಿಯಾದರು. ಖಾತೆಯ ಬಾಲಕ್ಕೆ ತೂಕ ಮತ್ತು ಅಳತೆ.
ಸುದ್ದಿ ಕೇಳಿ ನಾನು ಚಹದಂಗಡಿಯಲ್ಲಿ ನಕ್ಕಿದ್ದಕ್ಕೆ
ಪಕ್ಕದವನು ಯಾಕೆಂದು ಕೇಳಿದ. ಹೇಳಲಿಲ್ಲ.
ಮರುವರ್ಷ ಅವರ ಸಹಿಯ ಸುತ್ತೋಲೆ ಬಂತು,
ಕೆಂಪಂಕಿ ಉರಿಯುವ ಯಂತ್ರ ಬಂತು,
ನನ್ನ ತಕ್ಕಡಿ ಹೊಟ್ಟಿನ ಕೋಣೆ ಸೇರಿತು, ನಾನೂ ಹೆಚ್ಚು ಕಡಿಮೆ.

ಎಪ್ಪತ್ತೈದು ತುಂಬಿದ ಸಂಭ್ರಮಕ್ಕೆ ಹೈಸ್ಕೂಲು ಮೈದಾನದಲ್ಲಿ ತುಲಾಭಾರ.
ಬೆಳ್ಳಿ ಬೇಡ, ಮಂಡಕ್ಕಿ ಸಾಕು ಅಂದರಂತೆ:
ಖರ್ಚು ಕಡಿಮೆ, ಪತ್ರಿಕೆಯ ಚಿತ್ರಕ್ಕೆ ಚೆನ್ನ,
ಮುಗಿದ ಮೇಲೆ ಜನ ತಿನ್ನುತ್ತಾರೆ.
ವ್ಯಾಪಾರ ಬಿಟ್ಟಿರಲಿಲ್ಲ ಮನುಷ್ಯ.
ಹಳೇ ತಕ್ಕಡಿಯೇ ಬೇಕೆಂದು ಜೀಪು ಕಳಿಸಿದರು,
ತಕ್ಕಡಿಯ ಜೊತೆಗೆ ನನ್ನನ್ನೂ ಹತ್ತಿಸಿದರು.

ಕೂತರು. ಕಾಲು ನೆಲ ಬಿಟ್ಟಿತು.
ಬಿಳೀ ಪಂಚೆಯೊಳಗೆ ಮೊಣಕಾಲು ಎರಡು ಕಡ್ಡಿ.
ಭಟ್ಟಿಯ ಹುಡುಗರು ಚೀಲ ಹೊತ್ತು ತಂದರು.
ಲಾಭ, ಅಂದೆ. ಮೈಕಿನಲ್ಲಿ ಕೇಳಿ ಜನ ನಕ್ಕರು.
ಎರಡು. ಮೂರು. ನಾಲ್ಕು. ಐದು.
ಆರರ ಹೊತ್ತಿಗೆ ಮುಳ್ಳು ಅಲುಗಿತು.
ಅವರು ಬಾಗಿದರು, ಬಾಯಿಗೆ ಕೈ ಅಡ್ಡ ಹಿಡಿದು
ನನಗೊಬ್ಬನಿಗೇ ಕೇಳುವಂತೆ
‘ದುಗ್ಗಾ, ಸರಿಯಾಗಿ ತೂಗೋ’ ಅಂದರು.

ಎಷ್ಟು ವರ್ಷದ ಮೇಲೆ ಆ ಮಾತು!
ಯಾವ ಅರ್ಥದಲ್ಲಿ?
ಅಲ್ಲಿ ಕಲ್ಲೇ ಇರಲಿಲ್ಲ,
ಆ ಕಡೆ ಮಂಡಕ್ಕಿ, ಈ ಕಡೆ ಅವರು.
ಮುಂದಿನ ಚೀಲಕ್ಕೆ ಬಾಯಿ ತಪ್ಪಿ ಬಂದುಬಿಟ್ಟಿತು:
‘ಏಳು.’

ಲೆಕ್ಕವೋ, ಅವರಿಗೆ ಹೇಳಿದ್ದೋ, ನನಗೇ ಗೊತ್ತಿಲ್ಲ.
ಮೈದಾನಕ್ಕೆ ಏನೂ ತಿಳಿಯಲಿಲ್ಲ.
ಅವರು ನೋಡಿದರು. ತುಂಬ ಹೊತ್ತು.
ಆಮೇಲೆ ಇಳಿಯಲೆಂದು ನನ್ನ ಹೆಗಲ ಮೇಲೆ ಕೈ ಊರಿದರು.

ಆ ಕೈ, ನನ್ನ ಅಂದಾಜಿಗೆ,
ಎರಡೂವರೆ ಸೇರು.
ಸೂಟು ಕಳೆಯದೆ.